ಶಿರಸಿಯ ಕಾಲೇಜೊಂದರ ಪ್ರೋಗ್ರಾಮಿಂಗ್ ಪ್ರವೇಶಿಕೆ: ಹದಿನಾರು ವಾರ ಕಲಿತವನ ಅಭಿಪ್ರಾಯ

ಶಿರಸಿಯ ಅಡಿಕೆ ವಕಾರಿಯೊಂದರಲ್ಲಿ, ಅಂದರೆ ಅಡಿಕೆ ವ್ಯಾಪಾರದ ಮಳಿಗೆಯಲ್ಲಿ, ಹದಿನಾಲ್ಕು ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ನಾನು, ಕಳೆದ ಮಳೆಗಾಲದಲ್ಲಿ ಇಲ್ಲಿನ ಕಾಲೇಜೊಂದು ಹೊರಗಿನವರಿಗೂ ತೆರೆದಿಟ್ಟಿದ್ದ ಕಂಪ್ಯೂಟರ್ ಪ್ರೋಗ್ರಾಮಿಂಗ್ ಪ್ರವೇಶಿಕೆ ಎಂಬ ಕೋರ್ಸಿಗೆ ಸೇರಿ, ಹದಿನಾರು ವಾರ ಕಲಿತು, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆದುಕೊಂಡೆ. ಶುಲ್ಕ 7,500 ರೂಪಾಯಿ. ಅದರ ಮೇಲೆ ಪ್ರಯೋಗಾಲಯದ ಠೇವಣಿ ಎಂದು ಪಡೆದ 500 ರೂಪಾಯಿಯನ್ನು ಕೊನೆಯ ದಿನ ಮರಳಿಸಿದರು. ಅಂದಿನಿಂದ ವಕಾರಿಗೆ ಬರುವ ಪರಿಚಯದವರು, ಅದರಲ್ಲೂ ಪಿಯುಸಿ ಮುಗಿಸಿದ ಮಕ್ಕಳಿರುವವರು, ಸೇರಿಸಬಹುದೇ ಎಂದು ಕೇಳುತ್ತಲೇ ಇದ್ದಾರೆ. ತೂಕದ ಮನೆಯ ಬಾಗಿಲಲ್ಲಿ ನಿಂತು ಅರ್ಧರ್ಧ ಹೇಳುವುದಕ್ಕಿಂತ ಒಮ್ಮೆ ಸರಿಯಾಗಿ ಬರೆದಿಡುವುದು ಲೇಸೆಂದು ಕಂಡಿತು. ಕಾಲೇಜಿನ ಹೆಸರು ಹೇಳುತ್ತಿಲ್ಲ. ಇಲ್ಲಿ ಬರುವ ಕೊರತೆಗಳಲ್ಲಿ ಹೆಚ್ಚಿನವನ್ನು ಬೇರೆ ಊರುಗಳಲ್ಲಿ ಓದಿದ ನನ್ನ ಬಂಧುಗಳ ಮಕ್ಕಳ ಬಾಯಿಂದಲೂ ಕೇಳಿದ್ದೇನಾದ್ದರಿಂದ, ಒಂದೇ ಸಂಸ್ಥೆಯ ತಲೆಗೆ ಅವನ್ನು ಕಟ್ಟುವುದು ನ್ಯಾಯವಲ್ಲ.

ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಪಾಠ, ಭಾನುವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆಯವರೆಗೆ ಪ್ರಯೋಗಾಲಯ. ಮೊದಲ ಹನ್ನೊಂದು ವಾರ ಸಿ ಭಾಷೆ, ಉಳಿದ ಐದು ವಾರ ಪೈಥಾನ್. ನಾವು ಮೂವತ್ತನಾಲ್ಕು ಮಂದಿ ಇದ್ದೆವು, ಕಂಪ್ಯೂಟರುಗಳು ಇಪ್ಪತ್ತು. ಬಹುಪಾಲು ಬಿಎ ಮತ್ತು ಬಿಕಾಂ ಓದುತ್ತಿರುವವರು, ಅವರ ಜೊತೆಗೆ ಇಬ್ಬರು ಪ್ರೌಢಶಾಲಾ ಶಿಕ್ಷಕರು, ಪಿಗ್ಮಿ ಸಂಗ್ರಹಿಸುವ ಒಬ್ಬರು ಮತ್ತು ನಾನು. ಬನವಾಸಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಬಿಎ ಎರಡನೇ ವರ್ಷದ ಹುಡುಗಿಯೊಬ್ಬಳಿಗೂ ನನಗೂ ಸೇರಿ ಒಂದೇ ಯಂತ್ರ. ಅವಳು ನನ್ನನ್ನು ಮೊದಲ ವಾರ ಸರ್ ಎಂದಳು, ಎರಡನೇ ವಾರದಿಂದ ಅಣ್ಣಾ ಎಂದಳು. ಕೀಲಿಮಣೆ ಮಾತ್ರ ಹದಿನಾರೂ ವಾರ ಅವಳ ಕೈಯಲ್ಲೇ ಉಳಿಯಿತು.

ಶನಿವಾರದ ಪಾಠದ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಉಪನ್ಯಾಸಕರು ವಿಷಯ ಬಲ್ಲವರೇ, ಆದರೆ ಪರದೆಯ ಮೇಲಿನ ಸ್ಲೈಡುಗಳನ್ನು ಓದುವುದರಲ್ಲಿ ಸಮಯ ಕಳೆಯುತ್ತಿತ್ತು. ಹದಿನಾರು ವಾರಗಳಲ್ಲಿ ಮೊದಲ ಎರಡು ವಾರಗಳನ್ನು ನಿರ್ವಾತ ನಳಿಕೆಯಿಂದ ಆರಂಭಿಸಿ ಕಂಪ್ಯೂಟರಿನ ಐದು ಪೀಳಿಗೆಗಳಿಗೂ, ಇನ್ನೊಂದು ವಾರವನ್ನು ಫ್ಲೋಚಾರ್ಟಿನ ಚೌಕ ಮತ್ತು ವಜ್ರಾಕೃತಿಗಳಿಗೂ ಕೊಟ್ಟು, ಕಲಿಯುವವರು ನಿಜವಾಗಿ ಎಡವುವ ಪಾಯಿಂಟರ್ (ಯಂತ್ರದ ನೆನಪಿನಲ್ಲಿರುವ ಜಾಗದ ವಿಳಾಸ) ಎಂಬ ಅಧ್ಯಾಯವನ್ನು ಅರ್ಧ ತರಗತಿಯಲ್ಲಿ ಮುಗಿಸಿದ್ದು ಯಾವ ಲೆಕ್ಕದಿಂದಲೂ ಸರಿಯಾದ ಹಂಚಿಕೆಯಲ್ಲ. ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ 1972ರ ಸುಮಾರಿಗೆ ಸಿ ಭಾಷೆಯನ್ನು ರೂಪಿಸಿದರು ಎಂಬುದನ್ನು ಎರಡು ಅಂಕದ ಪ್ರಶ್ನೆಯಾಗಿ ಬಾಯಿಪಾಠ ಮಾಡಿದೆವು. ಆತ ಅದನ್ನು ಏಕೆ ರೂಪಿಸಿದರು, ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಬರೆಯಲು ಅಂಥದೊಂದು ಭಾಷೆ ಏಕೆ ಬೇಕಾಯಿತು ಎಂಬ, ಕೇಳಿದರೆ ಯಾರಿಗಾದರೂ ಕುತೂಹಲ ಹುಟ್ಟಿಸುವ ಸಂಗತಿಗೆ ಒಂದು ನಿಮಿಷವೂ ಸಿಗಲಿಲ್ಲ.

ಕೊಟ್ಟ ಹಣ ವಸೂಲಾದದ್ದು ಭಾನುವಾರದ ಪ್ರಯೋಗಾಲಯದಲ್ಲಿ. ಅದಕ್ಕೆ ಕಾರಣ ಅಲ್ಲಿನ ಪ್ರಯೋಗ ಬೋಧಕಿ. ಕೈಪಿಡಿಯಲ್ಲಿದ್ದ ಪ್ರೋಗ್ರಾಂಗಳು ಎಲ್ಲ ಕಡೆ ಇರುವಂಥವೇ: ಸರಳ ಬಡ್ಡಿ, ಮೂರು ಸಂಖ್ಯೆಗಳಲ್ಲಿ ದೊಡ್ಡದು, ಅವಿಭಾಜ್ಯ ಸಂಖ್ಯೆ, ಫಿಬೊನಾಚಿ ಸರಣಿ. ಮೇಡಂ ಅವುಗಳನ್ನು ಬೇಗನೆ ಮುಗಿಸಿ, ಕೊನೆಯ ಒಂದು ಗಂಟೆ ನಿಮ್ಮ ನಿಮ್ಮ ಕೆಲಸದ ಲೆಕ್ಕವೊಂದನ್ನು ತಂದು ಮಾಡಿ ಎನ್ನುತ್ತಿದ್ದರು. ಶಿಕ್ಷಕರು ಅಂಕಪಟ್ಟಿ ತಂದರು, ಪಿಗ್ಮಿಯವರು ದಿನದ ವಸೂಲಿ ತಂದರು, ನಾನು ಅಡಿಕೆಯ ಪಟ್ಟಿ ತಂದೆ.

ಐದನೆಯ ವಾರ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೆಳೆಗಾರರು ತಂದ ಮಾಲಿನ ತೂಕ, ಕ್ವಿಂಟಲ್ ಧಾರಣೆ, ದಲಾಲಿ ಮತ್ತು ಹಮಾಲಿ ಇವಿಷ್ಟನ್ನು ಕೇಳಿಕೊಂಡು ಅವರ ಕೈಗೆ ಬರುವ ಮೊತ್ತ ತೋರಿಸುವ ಇಪ್ಪತ್ತೆರಡು ಸಾಲಿನ ಪ್ರೋಗ್ರಾಂ ಬರೆದಿದ್ದೆವು. ಬಿಳೆಗೋಟು ಎಂಬ ದರ್ಜೆಯ ಅಡಿಕೆಗೆ 24,000 ಎಂದು ಧಾರಣೆ ಕೊಟ್ಟಾಗ ಉತ್ತರ ಸರಿಯಾಗಿ ಬಂತು. ಅದೇ ಪ್ರೋಗ್ರಾಮಿಗೆ ರಾಶಿ ಎಂಬ ದರ್ಜೆಯ ಅಡಿಕೆಯ ಧಾರಣೆ 46,500 ಎಂದು ಕೊಟ್ಟರೆ, ಪರದೆಯ ಮೇಲೆ ಧಾರಣೆಯೇ ಋಣ 19,036 ಎಂದು ಮೂಡಿತು. ಎರಡು ಬಾರಿ ಮಾಡಿದರೂ ಅದೇ. ಪಕ್ಕದ ಯಂತ್ರದಿಂದ ಬಗ್ಗಿ ನೋಡಿದ ಪಿಗ್ಮಿಯವರು, "ಎಂಥದು ಮಾರಾಯ್ರೆ, ಅಡಿಕೆ ತಂದವನೇ ನಿಮಗೆ ದುಡ್ಡು ಕೊಟ್ಟು ಹೋಗಬೇಕಾ?" ಎಂದರು.

ಮೇಡಂ ಬಂದು ನೋಡಿದವರು ಉತ್ತರ ಹೇಳಲಿಲ್ಲ. 46,500ರಿಂದ 65,536 ಕಳೆಯಿರಿ ಎಂದರು. ಕಾಗದದ ಮೇಲೆ ಕಳೆದೆ, ಋಣ 19,036 ಬಂತು. ಆ ಮೇಲೆ ವಿವರಿಸಿದರು. ನಮ್ಮ ಪ್ರಯೋಗಾಲಯದಲ್ಲಿದ್ದ ಟರ್ಬೊ ಸಿ ಎಂಬ ಕಂಪೈಲರ್ (ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಇಂಟ್ ಎಂಬ ಬಗೆಯ ಪೂರ್ಣಾಂಕಕ್ಕೆ, ಸೊನ್ನೆ ಅಥವಾ ಒಂದನ್ನು ಹಿಡಿಯುವ ಹದಿನಾರು ಬಿಟ್‌ಗಳ ಜಾಗವನ್ನಷ್ಟೇ ಕೊಡುತ್ತದೆ. ಹದಿನಾರು ಬಿಟ್‌ಗಳನ್ನು 65,536 ಬಗೆಯಲ್ಲಿ ಜೋಡಿಸಬಹುದು, ಅವುಗಳಲ್ಲಿ ಅರ್ಧ ಋಣ ಸಂಖ್ಯೆಗಳಿಗೆ ಹೋಗುವುದರಿಂದ ಧನದ ಕಡೆಯ ಮಿತಿ 32,767. ಅದನ್ನು ದಾಟಿದ ಸಂಖ್ಯೆ, ಹಳೆಯ ಸ್ಕೂಟರಿನ ಕಿಲೋಮೀಟರ್ ಗಾಲಿ ಒಂಬತ್ತುಗಳೆಲ್ಲ ತುಂಬಿದ ಮೇಲೆ ಸೊನ್ನೆಗೆ ಬೀಳುವಂತೆ, ಸುತ್ತು ಹೊಡೆದು ಋಣದ ಕೊನೆಯಿಂದ ಎಣಿಸತೊಡಗುತ್ತದೆ. ಬಿಳೆಗೋಟು ಮಿತಿಯ ಒಳಗಿತ್ತು, ರಾಶಿ ಹೊರಗೆ ಬಿತ್ತು. ಇಂಟ್ ಎಂದಿದ್ದಲ್ಲಿ ಲಾಂಗ್ ಎಂದು ಬದಲಿಸಿದರೆ ಮೂವತ್ತೆರಡು ಬಿಟ್ ಸಿಗುತ್ತದೆ, ಮಿತಿ 214 ಕೋಟಿಗೆ ಏರುತ್ತದೆ. ಅದು ಯಾವ ಬೆಳೆಗಾರನ ಪಟ್ಟಿಗೂ ಧಾರಾಳವಾಗಿ ಸಾಕು. ಸ್ಲೈಡಿನಲ್ಲಿ ದತ್ತಾಂಶದ ಬಗೆಗಳು ಎಂಬ ಕೋಷ್ಟಕದಲ್ಲಿ 32,767 ಎಂಬ ಅಂಕಿಯನ್ನು ಮೊದಲೇ ಬರೆದುಕೊಂಡಿದ್ದೆ. ಅದು ನಮ್ಮ ಪೇಟೆಯ ಧಾರಣೆಗಿಂತ ಕೆಳಗಿದೆ ಎಂಬುದು ಮಾತ್ರ ಹೊಳೆದಿರಲಿಲ್ಲ. (ಪ್ರೋಗ್ರಾಮಿನಲ್ಲಿ ಧಾರಣೆಯ ಹೆಸರನ್ನು ರಾಶಿ ಎಂದೇ ಇಟ್ಟಿದ್ದೆವು. ಶಿರಸಿ ಸೀಮೆಯಲ್ಲಿ ರಾಶಿ ಎಂದರೆ ಬಹಳ ಎಂಬ ಅರ್ಥವೂ ಇರುವುದರಿಂದ, ರಾಶಿ ಎಂಬುದು ಋಣಕ್ಕಿಳಿದದ್ದು ಪ್ರಯೋಗಾಲಯದಲ್ಲಿ ಎರಡು ವಾರ ನಗೆಗೆ ಕಾರಣವಾಯಿತು.)

ಇದೇ ವಿಷಯದಿಂದ ನಾನು ಅಂಕ ಕಳೆದುಕೊಂಡದ್ದೂ ಉಂಟು. ಮನೆಯ ಲ್ಯಾಪ್‌ಟಾಪಿನಲ್ಲಿ ಉಚಿತವಾಗಿ ಸಿಗುವ ಜಿಸಿಸಿ ಕಂಪೈಲರ್ ಹಾಕಿಕೊಂಡು ನೋಡಿದರೆ, ಅಲ್ಲಿ ಇಂಟ್‌ಗೆ ನಾಲ್ಕು ಬೈಟ್ ಜಾಗ, ಅಂದರೆ ಮೂವತ್ತೆರಡು ಬಿಟ್; 46,500 ಎಂಬುದು ಯಾವ ತಕರಾರೂ ಇಲ್ಲದೆ ಹಿಡಿಸುತ್ತಿತ್ತು. ಭಾಷೆಯ ನಿಯಮ ಹೇಳುವುದು ಕನಿಷ್ಠ ಹದಿನಾರು ಬಿಟ್ ಇರಬೇಕೆಂದಷ್ಟೇ, ಉಳಿದದ್ದು ಕಂಪೈಲರಿಗೆ ಬಿಟ್ಟದ್ದು. ಆಂತರಿಕ ಪರೀಕ್ಷೆಯಲ್ಲಿ ಇಂಟ್‌ನ ಗಾತ್ರವೆಷ್ಟು ಎಂಬ ಪ್ರಶ್ನೆಗೆ, ಕಂಪೈಲರಿನ ಮೇಲೆ ಅವಲಂಬಿಸಿದೆ, ನಮ್ಮ ಪ್ರಯೋಗಾಲಯದಲ್ಲಿ ಎರಡು ಬೈಟ್, ನನ್ನ ಮನೆಯಲ್ಲಿ ನಾಲ್ಕು ಬೈಟ್ ಎಂದು ಬರೆದೆ. ಸೊನ್ನೆ ಬಂತು. ಉಪನ್ಯಾಸಕರಲ್ಲಿ ಕೇಳಿದ್ದಕ್ಕೆ, ಉತ್ತರಸೂಚಿಯಲ್ಲಿ ಎರಡು ಬೈಟ್ ಎಂದಿದೆ ಎಂದರು. ಸಿಟ್ಟು ಬಂದದ್ದು ಹೋದ ಅಂಕಕ್ಕಲ್ಲ, ಮೂರು ಗಂಟೆ ಕುಳಿತು ಕಂಡುಕೊಂಡದ್ದಕ್ಕಿಂತ ಉತ್ತರಸೂಚಿಗೆ ಮರ್ಯಾದೆ ಹೆಚ್ಚು ಎಂಬುದಕ್ಕೆ.

ಟರ್ಬೊ ಸಿ 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದ, ವಿಂಡೋಸಿಗೂ ಮೊದಲು ಬಳಕೆಯಲ್ಲಿದ್ದ ಡಾಸ್ ಎಂಬ ಕಾರ್ಯವ್ಯವಸ್ಥೆಯ ಕಾಲದ ತಂತ್ರಾಂಶ. ಇಂದಿನ ವಿಂಡೋಸಿನಲ್ಲಿ ಅದು ನೇರವಾಗಿ ಓಡುವುದಿಲ್ಲವಾದ್ದರಿಂದ ಡಾಸ್‌ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶದೊಳಗೆ ಅದನ್ನು ಕೂರಿಸಿ ನಡೆಸುತ್ತಾರೆ. ನೀಲಿ ಪರದೆ, ಉಳಿಸಲು ಎಫ್2, ಓಡಿಸಲು ಕಂಟ್ರೋಲ್ ಮತ್ತು ಎಫ್9, ಉತ್ತರ ನೋಡಲು ಆಲ್ಟ್ ಮತ್ತು ಎಫ್5. ಇವೆಲ್ಲ ಬೆರಳಿಗೆ ಹತ್ತಿದ ಮೇಲೆ ಹಾಯೆನಿಸುವುದೂ ಸುಳ್ಳಲ್ಲ. ಆದರೆ ಪ್ರತಿ ಪ್ರೋಗ್ರಾಮಿನ ತಲೆಯಲ್ಲಿ ಕೋನಿಯೊ ಎಂಬ ಸಿದ್ಧ ಆಜ್ಞೆಗಳ ಕಡತವನ್ನು ಸೇರಿಸುವುದು, ಪರದೆ ಅಳಿಸುವ ಕ್ಲಿಯರ್ ಸ್ಕ್ರೀನ್ ಆಜ್ಞೆಯಿಂದ ಆರಂಭಿಸಿ, ಕೀಲಿ ಒತ್ತುವವರೆಗೆ ಕಾಯುವ ಗೆಟ್‌ಸಿಎಚ್‌ನಿಂದ ಮುಗಿಸುವುದು ಎಂದು ನಮಗೆ ಮಂತ್ರದಂತೆ ಕಲಿಸಿದ್ದು ಸಿ ಭಾಷೆಯ ಭಾಗವೇ ಅಲ್ಲ, ಡಾಸ್ ಕಾಲದ ಕಂಪೈಲರುಗಳ ಸೌಕರ್ಯ. ಪ್ರಯೋಗಾಲಯದಲ್ಲಿ ಓಡಿದ ಪ್ರೋಗ್ರಾಂ ಮನೆಯಲ್ಲಿ ಮೊದಲ ಸಾಲಿನಲ್ಲೇ ನಿಂತುಬಿಟ್ಟಾಗ ಯಂತ್ರ ಹಂಚಿಕೊಂಡಿದ್ದ ನನ್ನ ಜೊತೆಗಾತಿ ತನ್ನದೇ ತಪ್ಪೆಂದು ಒಂದು ವಾರ ಕೊರಗಿದ್ದಳು. ಸಿ ಭಾಷೆಗೆ 1989ರಲ್ಲೇ ಒಂದು ಪ್ರಮಾಣಿತ ರೂಪ ಸಿಕ್ಕಿರುವಾಗ, ಹೊಸಬರಿಗೆ ಆ ರೂಪವನ್ನೇ ಕಲಿಸುವುದಕ್ಕೆ ಕಾಲೇಜಿಗೆ ಒಂದು ಪೈಸೆಯ ಖರ್ಚೂ ಇಲ್ಲ.

ಪೈಸೆ ಎಂದಾಗ ಇನ್ನೊಂದು ನೆನಪಾಯಿತು. ಎಂಟನೆಯ ವಾರ ಒಂದು ತಿಂಗಳ ಪಟ್ಟಿಗಳ ಮೊತ್ತ ಹಾಕಿದಾಗ, ಪುಸ್ತಕದಲ್ಲಿ 12,34,567 ರೂಪಾಯಿ 85 ಪೈಸೆ ಇದ್ದದ್ದು ಪ್ರೋಗ್ರಾಮಿನಲ್ಲಿ 88 ಪೈಸೆ ಎಂದು ಬಂತು. ಉಳಿದವರಿಗೆ ಮೂರು ಪೈಸೆ ಏನೂ ಅಲ್ಲ. ಲೆಕ್ಕ ಬರೆಯುವವನಿಗೆ ಮೂರು ಪೈಸೆ ತಾಳೆಯಾಗದಿದ್ದರೆ ರಾತ್ರಿ ನಿದ್ದೆ ಇಲ್ಲ. ದಶಮಾಂಶ ಸಂಖ್ಯೆಗೆ ಬಳಸಿದ ಫ್ಲೋಟ್ ಎಂಬ ಬಗೆ ಸುಮಾರು ಏಳು ಅಂಕೆಗಳವರೆಗೆ ಮಾತ್ರ ನಂಬಿಕೆಗೆ ಅರ್ಹ, ಹನ್ನೆರಡು ಲಕ್ಷದ ಆಸುಪಾಸಿನಲ್ಲಿ ಅದು ರೂಪಾಯಿಯ ಎಂಟನೆಯ ಒಂದು ಭಾಗಕ್ಕಿಂತ ಸಣ್ಣ ಹೆಜ್ಜೆ ಇಡಲಾರದು ಎಂದು ಮೇಡಂ ಹೇಳಿದರು. 85 ಪೈಸೆಗೆ ಅತ್ಯಂತ ಹತ್ತಿರದ ಹೆಜ್ಜೆ ಎಂಬತ್ತೇಳೂವರೆ ಪೈಸೆ, ಅದನ್ನು ಎರಡು ಸ್ಥಾನಕ್ಕೆ ಸರಿಹೊಂದಿಸಿದಾಗ 88. ಹಣವನ್ನು ರೂಪಾಯಿಯಲ್ಲಿಡದೆ ಪೂರ್ತಿ ಪೈಸೆಯ ಪೂರ್ಣಾಂಕವಾಗಿ ಇಟ್ಟುಕೊಂಡು, ಮುದ್ರಿಸುವಾಗ ಮಾತ್ರ ನೂರರಿಂದ ಭಾಗಿಸಿ ತೋರಿಸುವುದು ಕ್ಷೇಮ ಎಂದು ಅವರು ಕೊಟ್ಟ ಸಲಹೆಯನ್ನು ಇಂದಿಗೂ ಪಾಲಿಸುತ್ತಿದ್ದೇನೆ. ಇಂಥದು ಕೈಪಿಡಿಯ ಯಾವ ಪುಟದಲ್ಲೂ ಇರಲಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರ ಪಾಡಿನ ಬಗ್ಗೆಯೂ ಹೇಳಬೇಕು. ಪಾಠ ಕನ್ನಡದಲ್ಲೇ ನಡೆಯುತ್ತಿತ್ತು, ಪಾರಿಭಾಷಿಕ ಪದಗಳು ಇಂಗ್ಲಿಷಿನವು. ಅದರಿಂದ ಯಾರಿಗೂ ತೊಂದರೆಯಾದಂತೆ ಕಾಣಲಿಲ್ಲ. ತೊಂದರೆಯಾದದ್ದು ಕಂಪೈಲರ್ ಕೊಡುವ ತಪ್ಪಿನ ಸಂದೇಶಗಳಿಂದ. ಅರ್ಧವಿರಾಮ ಬಿಟ್ಟುಹೋದದ್ದು ಏಳನೇ ಸಾಲಿನಲ್ಲಿ, ಕಂಪೈಲರಿನ ದೂರು ಎಂಟನೇ ಸಾಲಿನ ಮೇಲೆ. ಹೊಸಬರು ಎಂಟನೇ ಸಾಲನ್ನೇ ಹತ್ತು ಬಾರಿ ಅಳಿಸಿ ಬರೆದು ಕಣ್ಣಲ್ಲಿ ನೀರು ತುಂಬಿಕೊಂಡು ಕೂರುತ್ತಿದ್ದರು. ಸಂದೇಶ ಬಂದ ಕೂಡಲೇ ಅಳಿಸಬಾರದು, ಮೊದಲು ಗಟ್ಟಿಯಾಗಿ ಓದಬೇಕು, ಆಮೇಲೆ ಅದರ ಹಿಂದಿನ ಸಾಲಿನ ಕೊನೆ ನೋಡಬೇಕು ಎಂಬ ಒಂದು ಅಭ್ಯಾಸವನ್ನು ಮೇಡಂ ಎಲ್ಲರಲ್ಲೂ ಹಟ ಹಿಡಿದು ಬೆಳೆಸಿದರು. ಮೂರನೆಯ ವಾರ ಅಳುತ್ತಿದ್ದ ಹುಡುಗನೇ ಹತ್ತನೆಯ ವಾರ ಇತರರ ಪರದೆಯ ತಪ್ಪು ತೋರಿಸುತ್ತಿದ್ದ.

ಪೈಥಾನಿಗೆ ಬಂದಾಗ ತರಗತಿಯೇ ಹಗುರಾಯಿತು. ಇಂಟ್, ಲಾಂಗ್ ಎಂಬ ಭೇದವಿಲ್ಲ, ಯಂತ್ರದ ನೆನಪಿನಲ್ಲಿ ಜಾಗವಿರುವಷ್ಟು ದೊಡ್ಡ ಪೂರ್ಣಾಂಕವನ್ನು ಅದು ತಾನಾಗಿ ಹಿಡಿದಿಟ್ಟುಕೊಳ್ಳುತ್ತದೆ. ಗಿಡೊ ವಾನ್ ರೊಸಮ್ 1991ರಲ್ಲಿ ಹೊರತಂದ ಈ ಭಾಷೆಯಲ್ಲಿ ಸಾಲಿನ ಆರಂಭದ ಖಾಲಿ ಜಾಗಕ್ಕೂ ಅರ್ಥವಿದೆ. ಜೊತೆಗಾತಿ ಪೆನ್‌ಡ್ರೈವಿನಲ್ಲಿ ತಂದ ಕಡತದಲ್ಲಿ ಕೆಲವೆಡೆ ಟ್ಯಾಬ್, ಕೆಲವೆಡೆ ಸ್ಪೇಸ್ ಬೆರೆತು, ಕಣ್ಣಿಗೆ ನೇರವಾಗಿ ಕಾಣುವ ಸಾಲುಗಳನ್ನು ಪೈಥಾನ್ ಒಪ್ಪದೆ ಹೋದಾಗ ಅರ್ಧ ಗಂಟೆ ವ್ಯರ್ಥವಾದದ್ದು ಬಿಟ್ಟರೆ ದೊಡ್ಡ ಕಷ್ಟವೇನೂ ಬರಲಿಲ್ಲ.

ಈ ಐದು ವಾರಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಕನ್ನಡದ ಒಂದು ಪದದಿಂದ ಎದ್ದ ಪ್ರಶ್ನೆ. ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ ಆಗಿರುವ ಪದವನ್ನು ಗುರುತಿಸುವ ಪ್ರೋಗ್ರಾಂ ಕೈಪಿಡಿಯಲ್ಲಿತ್ತು. ಉದಾಹರಣೆಗಳು ಇಂಗ್ಲಿಷ್ ಕಾಗುಣಿತದಲ್ಲಿ ಬರೆದ ಮೇಡಂ ಮತ್ತು ಮಲಯಾಳಂ ಎಂಬ ಪದಗಳು. ಜೊತೆಗಾತಿ ತಾನಾಗಿಯೇ ಕನ್ನಡದಲ್ಲಿ ಕನಕ ಎಂದು ಬರೆದಳು, ಹೌದು ಎಂಬ ಉತ್ತರ ಬಂತು. ನಯನ, ಸರಸ, ಇವಕ್ಕೂ ಹೌದು. ತೆನಾಲಿ ರಾಮಕೃಷ್ಣನ ವಿಕಟಕವಿಯನ್ನು ಕೊಟ್ಟಳು. ಅಲ್ಲ ಎಂದಿತು. ಶಾಲೆಯಲ್ಲಿ ನಾವೆಲ್ಲ ಇದಕ್ಕೆ ಮೊದಲ ಉದಾಹರಣೆಯಾಗಿ ಕಲಿತ ಪದವೇ ಪೈಥಾನಿನ ಪಾಲಿಗೆ ಸಲ್ಲಲಿಲ್ಲ. ಹುಡುಕಿದಾಗ ಕಾರಣ ಸಿಕ್ಕಿತು. ನಮ್ಮ ಕಣ್ಣಿಗೆ ವಿ ಎಂಬುದು ಒಂದು ಅಕ್ಷರ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಎಂಬ ಪದ್ಧತಿ ಅದನ್ನು ವ ಎಂಬ ಅಕ್ಷರ ಮತ್ತು ಗುಡಿಸು ಎಂಬ ಎರಡು ಸಂಕೇತಗಳಾಗಿ ಇಡುತ್ತದೆ. ಪದವನ್ನು ತಿರುಗಿಸಿದಾಗ ಗುಡಿಸು ಮುಂದೆ ಬಂದು ಅನಾಥವಾಗಿ ನಿಲ್ಲುತ್ತದೆ, ಇನ್ನೊಂದು ಗುಡಿಸು ಹೋಗಿ ಕಕಾರಕ್ಕೆ ಅಂಟಿಕೊಳ್ಳುತ್ತದೆ. ಯಲ್ಲಾಪುರ ಎಂಬ ಪದದ ಉದ್ದ ಕೇಳಿದರೆ, ನಾವು ಎಣಿಸುವ ನಾಲ್ಕರ ಬದಲು ಪೈಥಾನ್ ಎಂಟು ಎನ್ನುತ್ತದೆ, ಶಿರಸಿಗೆ ಐದು ಎನ್ನುತ್ತದೆ. ಇದು ಪಾಠಕ್ರಮದಲ್ಲಿರಲಿಲ್ಲ, ಮೇಡಂ ಕೂಡ ಮೊದಲ ಬಾರಿಗೆ ನೋಡುತ್ತಿದ್ದರು. ತಮಗೆ ಗೊತ್ತಿಲ್ಲವೆಂದು ಸಂಕೋಚವಿಲ್ಲದೆ ಹೇಳಿ, ಮುಂದಿನ ಭಾನುವಾರ ಸ್ವರಚಿಹ್ನೆ ಮತ್ತು ಒತ್ತುಗಳನ್ನು ಅವುಗಳ ಮೂಲ ವ್ಯಂಜನದೊಡನೆ ಗುಂಪು ಮಾಡಿ, ಆ ಗುಂಪುಗಳನ್ನು ಮಾತ್ರ ತಿರುಗಿಸುವ ಹದಿನೆಂಟು ಸಾಲುಗಳನ್ನು ನಮ್ಮ ಕೈಯಿಂದಲೇ ಬರೆಸಿದರು. ಆಗ ವಿಕಟಕವಿ ಪಾಸಾಯಿತು.

ಜರ್ನಲ್ ಬರೆಸುವ ಪದ್ಧತಿಯ ಬಗ್ಗೆ ಒಳ್ಳೆಯ ಮಾತು ಆಡಲಾರೆ. ಪ್ರತಿ ಪ್ರೋಗ್ರಾಮನ್ನೂ ಬಲಪುಟದಲ್ಲಿ ಶಾಯಿಯಿಂದ, ಅದರ ಉತ್ತರವನ್ನು ಎಡಪುಟದಲ್ಲಿ ಪೆನ್ಸಿಲಿನಿಂದ ಕೈಬರಹದಲ್ಲಿ ನಕಲು ಮಾಡಬೇಕು. ಇಪ್ಪತ್ತನಾಲ್ಕು ಪ್ರೋಗ್ರಾಂಗಳಿಗೆ ಸುಮಾರು ಹನ್ನೆರಡು ರಾತ್ರಿಗಳು ಹೋದವು, ಅದಕ್ಕೆ ಸಿಕ್ಕಿದ್ದು ಹತ್ತು ಅಂಕ. ಆ ರಾತ್ರಿಗಳಲ್ಲಿ ಇನ್ನೂ ಹತ್ತು ಪ್ರೋಗ್ರಾಂ ಬರೆಯಬಹುದಿತ್ತು.

ಮಳೆಗಾಲದ ಕರೆಂಟು ಶಿರಸಿಯಲ್ಲಿ ಹೇಗಿರುತ್ತದೆ ಎಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಯುಪಿಎಸ್ ಹತ್ತು ಹದಿನೈದು ನಿಮಿಷ ತಾಳುತ್ತಿತ್ತು, ಅಷ್ಟರಲ್ಲಿ ಜನರೇಟರ್ ಹಚ್ಚಿದರೆ ಸರಿ, ಇಲ್ಲವಾದರೆ ಬರೆದದ್ದು ಹೋಯಿತು. ಎರಡು ಬಾರಿ ಕಳೆದುಕೊಂಡ ಮೇಲೆ, ಮೂರು ಸಾಲಿಗೊಮ್ಮೆ ಎಫ್2 ಒತ್ತುವುದು ನಮಗೆ ಅಭ್ಯಾಸವಾಗಿಬಿಟ್ಟಿತು.

ಇಷ್ಟನ್ನೆಲ್ಲ ಮನೆಯಲ್ಲೇ ಕುಳಿತು ಉಚಿತವಾಗಿ ಕಲಿಯಬಹುದಲ್ಲ ಎಂದು ಕೇಳುವವರಿಗೆ ಉತ್ತರ ಅರ್ಧ ಹೌದು. ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದಲ್ಲಿ ಐಐಟಿಗಳ ಪ್ರಾಧ್ಯಾಪಕರ ಪಾಠಗಳಿವೆ, ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ದನಿಯಲ್ಲೇ ಸುಮಾರು ಹತ್ತು ಹತ್ತು ನಿಮಿಷದ ಪಾಠಗಳು ಸಿಗುತ್ತವೆ, ಎರಡೂ ನಮ್ಮ ಶನಿವಾರದ ಸ್ಲೈಡುಗಳಿಗಿಂತ ಎಷ್ಟೋ ಮೇಲು. ಈ ಕಾರಣಕ್ಕೆ ಶನಿವಾರದ ಪಾಠವನ್ನಷ್ಟೇ ನೋಡಿದರೆ 7,500 ರೂಪಾಯಿ ದಂಡ. ಆದರೆ ಧಾರಣೆ ಋಣಕ್ಕಿಳಿದಾಗ ಪಕ್ಕದಲ್ಲಿ ನಿಂತು 65,536 ಕಳೆಯಿರಿ ಎನ್ನುವವರು ವೀಡಿಯೊದಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಕೊಟ್ಟ ಹಣ ನನಗೆ ಹೆಚ್ಚೆನಿಸಿಲ್ಲ. ಪ್ರಮಾಣಪತ್ರ ತೋರಿಸಿ ಹುಬ್ಬಳ್ಳಿ ಬೆಂಗಳೂರುಗಳಲ್ಲಿ ಕೆಲಸ ಹಿಡಿಯುವ ಆಸೆಯಿಂದ ಮಕ್ಕಳನ್ನು ಸೇರಿಸುವವರಿಗೆ ಮಾತ್ರ ಬೇಡ ಎನ್ನುತ್ತೇನೆ, ಇದು ಅಷ್ಟು ಆಳದ ಕೋರ್ಸಲ್ಲ. ತನ್ನದೇ ಒಂದು ಲೆಕ್ಕ, ಅಂಕಪಟ್ಟಿ, ಹಾಲಿನ ಡೈರಿಯ ಖಾತೆ ಏನಾದರೊಂದು ಕೈಯಲ್ಲಿಟ್ಟುಕೊಂಡು ಬರುವವರಿಗೆ ಧಾರಾಳವಾಗಿ ಸೇರಿ ಎನ್ನಬಹುದು.

ಸೇರುವ ಮೊದಲು ಕಚೇರಿಯಲ್ಲಿ ಎರಡು ಪ್ರಶ್ನೆ ಕೇಳಿಕೊಳ್ಳಿ: ಭಾನುವಾರದ ಪ್ರಯೋಗಾಲಯಕ್ಕೆ ಅದೇ ಬೋಧಕಿ ಇದ್ದಾರೆಯೇ, ಕಂಪೈಲರ್ ಬದಲಾಗಿದೆಯೇ. ಮುಂದಿನ ತಂಡ ದೀಪಾವಳಿಯ ನಂತರ ಎಂದು ಹೇಳುತ್ತಿದ್ದಾರೆ. ತೋಟವಿರುವವರಿಗೆ ಅದು ಕೊನೆಕೊಯ್ಲಿನ ಕಾಲ, ಭಾನುವಾರ ಬೆಳಿಗ್ಗೆ ಮೂರು ಗಂಟೆ ಬಿಡುವು ಸಿಗುವುದು ಕಷ್ಟ. ಅಂಥವರು ಜುಲೈವರೆಗೆ ಕಾದು ಮಳೆಗಾಲದ ತಂಡಕ್ಕೇ ಸೇರಲಿ, ಎಫ್2 ಒತ್ತಲು ಮಾತ್ರ ಮರೆಯದಿರಲಿ.